ಬಡ್ಜಿ ಸಾಕುವ ಮುನ್ನ

ಬಟ್ಟಲು ತುಂಬಿದ್ದರೂ ಬಡ್ಜಿ ಗಿಳಿ ಉಪವಾಸ ಇರಬಹುದು. ಅದು ನವಣೆ ಕಾಳನ್ನು ಇಡಿಯಾಗಿ ನುಂಗುವುದಿಲ್ಲ. ಕೊಕ್ಕಿನ ತುದಿಯಲ್ಲಿ ಎತ್ತಿ, ದಪ್ಪ ನಾಲಿಗೆಯಿಂದ ಮೇಲ್ಕೊಕ್ಕಿನ ಒಳಭಾಗಕ್ಕೆ ಒತ್ತಿ ಹಿಡಿದು, ಒಂದೆರಡು ಸುತ್ತು ಹೊರಳಿಸಿ ಸಿಪ್ಪೆ ಸುಲಿಯುತ್ತದೆ. ತಿರುಳು ಒಳಗೆ ಹೋಗುತ್ತದೆ, ಹೊಟ್ಟು ಅದೇ ಬಟ್ಟಲಿಗೆ ಉದುರುತ್ತದೆ. ದೂರದಿಂದ ನೋಡಿದರೆ ಹೊಟ್ಟೂ ಕಾಳೂ ಒಂದೇ ಥರ. ‘ಇನ್ನೂ ಇದೆಯಲ್ಲ’ ಎಂದುಕೊಂಡು ಹೊಸಬರು ಸುಮ್ಮನಾಗುತ್ತಾರೆ. ದಿನಾ ಬೆಳಿಗ್ಗೆ ಬಟ್ಟಲನ್ನು ಹೊರಗೆ ಒಯ್ದು ಒಮ್ಮೆ ಮೆಲ್ಲಗೆ ಊದಬೇಕು. ಹೊಟ್ಟು ಹಾರಿಹೋಗಿ, ತಳದಲ್ಲಿ ನಿಜಕ್ಕೂ ಎಷ್ಟು ಕಾಳು ಉಳಿದಿದೆ ಎಂಬುದು ಕಾಣುತ್ತದೆ.

ಇದನ್ನು ಎಲ್ಲಕ್ಕಿಂತ ಮೊದಲು ಹೇಳುವುದಕ್ಕೆ ಕಾರಣವಿದೆ. ಬಡ್ಜಿಯ ತೂಕ ಸಾಮಾನ್ಯವಾಗಿ 30ರಿಂದ 40 ಗ್ರಾಂ, ಒಂದು ನಿಂಬೆಹಣ್ಣಿನಷ್ಟು. ಅಷ್ಟು ಪುಟ್ಟ ಮೈಯಲ್ಲಿ ಕೂಡಿಟ್ಟ ಶಕ್ತಿ ಬಹಳ ಇರುವುದಿಲ್ಲ. ಉಸಿರಾಟ, ಎದೆಬಡಿತ ಮಾತ್ರ ಬಲು ವೇಗ. ನಾಯಿಯೊಂದು ಒಂದು ದಿನದ ಉಪವಾಸವನ್ನು ತಡೆದುಕೊಳ್ಳುತ್ತದೆ, ಬಡ್ಜಿಗೆ ಅದು ಪ್ರಾಣದ ಪ್ರಶ್ನೆ. ಹಸಿವಾಗಲಿ, ಕಾಯಿಲೆಯಾಗಲಿ, ವಿಷವಾಗಲಿ ಈ ಮೈಯಲ್ಲಿ ಬೇಗ ಕೆಲಸ ಮುಗಿಸಿಬಿಡುತ್ತದೆ. ಹಕ್ಕಿ ಚಿಕ್ಕದು, ಹಾಗಾಗಿ ಜವಾಬ್ದಾರಿಯೂ ಚಿಕ್ಕದು ಎಂಬ ಲೆಕ್ಕ ತಪ್ಪುವುದು ಇಲ್ಲೇ.

ಬಜ್ರಿಗರ್ ಎಂಬುದು ಇದರ ಪೂರ್ತಿ ಹೆಸರು. ಊರು ಆಸ್ಟ್ರೇಲಿಯಾದ ಒಣ ಒಳನಾಡು. ಮಳೆ ಬಿದ್ದು ಹುಲ್ಲು ಬೀಜ ಕಟ್ಟಿದ ಕಡೆಗೆ ಸಾವಿರಾರು ಹಕ್ಕಿಗಳು ಒಂದೇ ಹಿಂಡಾಗಿ ಅಲೆಯುತ್ತವೆ. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ಮೇಲೆ ಯುರೋಪಿನ ಮನೆಮನೆಗಳಲ್ಲಿ ಸಾಕಣೆ ಶುರುವಾಯಿತು. ಕಾಡಿನ ಬಡ್ಜಿ ಹಸಿರು ಮೈಯದು, ಮುಖ ಹಳದಿ, ಬೆನ್ನಿನ ಮೇಲೆ ಕಪ್ಪು ಗೆರೆಗಳು. ಅಂಗಡಿಯಲ್ಲಿ ಕಾಣುವ ನೀಲಿ, ಬಿಳಿ, ಬೂದು ಬಣ್ಣಗಳೆಲ್ಲ ಪಂಜರದಲ್ಲಿ ಆಯ್ದು ಬೆಳೆಸಿದವು.

ನಮ್ಮ ಕಡೆಯ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಕೇಳಿದರೆ ಕೊಡುವುದು ಹೆಚ್ಚಾಗಿ ಬಡ್ಜಿಯನ್ನೇ. ನಿಜವಾದ ಲವ್‌ಬರ್ಡ್ ಆಫ್ರಿಕಾದ್ದು. ಅದರ ಬಾಲ ಮೊಂಡು, ಕಚ್ಚು ಜೋರು. ಕೊಳ್ಳುವಾಗ ಈ ವ್ಯತ್ಯಾಸ ಗೊತ್ತಿರಬೇಕು, ಏಕೆಂದರೆ ಇದರಲ್ಲಿ ಕಾನೂನಿನ ವಿಷಯವೂ ಇದೆ. ನಮ್ಮ ತೋಟಗಳ ಗುಲಾಬಿ ಕೊರಳ ಗಿಳಿ, ಕೆನ್ನೀಲಿ ತಲೆಯ ಗಿಳಿ, ಮಲೆನಾಡಿನ ನೀಲಿರೆಕ್ಕೆ ಗಿಳಿ, ಹೀಗೆ ಈ ನೆಲದ ಯಾವ ಗಿಳಿಯನ್ನೂ ಪಂಜರದಲ್ಲಿಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಮರಿಯಿಂದ ಮಗುವಿನ ಹಾಗೆ ಸಾಕಿದ್ದೇವೆ ಎಂಬ ಮಾತು ಅಲ್ಲಿ ನಡೆಯದು. ಕಾನ್ಯೂರ್, ಆಫ್ರಿಕನ್ ಗ್ರೇ ಮತ್ತು ಹಲವು ಬಗೆಯ ಲವ್‌ಬರ್ಡ್‌ಗಳು ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವುದರಿಂದ 2024ರ ನಿಯಮಗಳಂತೆ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬಡ್ಜಿ ಮತ್ತು ಕಾಕಟೀಲ್ ಆ ಪಟ್ಟಿಯಲ್ಲಿಲ್ಲ. ಮೊದಲ ಸಲ ಹಕ್ಕಿ ಸಾಕುವವರಿಗೆ ಬಡ್ಜಿಯನ್ನೇ ಹೇಳುವುದಕ್ಕೆ ಇದೂ ಒಂದು ಕಾರಣ.

ಒಂದು ತರುವುದೋ ಎರಡೋ? ಇದಕ್ಕೆ ಉತ್ತರ ಮನೆಯಲ್ಲಿ ಹಗಲು ಯಾರಿರುತ್ತಾರೆ ಎಂಬುದರ ಮೇಲಿದೆ. ಹಿಂಡಿನ ಹಕ್ಕಿ ಒಂಟಿಯಾಗಿ ಬಂದರೆ ನಿಮ್ಮನ್ನೇ ಹಿಂಡೆಂದು ತಿಳಿಯುತ್ತದೆ. ನೀವು ಕೋಣೆಯಿಂದ ಹೊರಗೆ ಹೋದರೆ ಕೂಗಿ ಕರೆಯುತ್ತದೆ, ಊಟಕ್ಕೆ ಕುಳಿತರೆ ಅದೂ ತಿನ್ನಲು ಹೊರಡುತ್ತದೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಬೀಗ ಹಾಕಿಕೊಂಡು ಹೊರಡುವ ಮನೆಯಲ್ಲಿ ಒಂಟಿ ಬಡ್ಜಿ ಇಡುವುದು ಕ್ರೌರ್ಯ ಎಂದೇ ನನ್ನ ಖಚಿತ ಅಭಿಪ್ರಾಯ. ಅಂಥವರು ಎರಡು ಗಂಡು ತರಲಿ, ಅವು ಚೆನ್ನಾಗಿ ಹೊಂದಿಕೊಳ್ಳುತ್ತವೆ. ಇಕ್ಕಟ್ಟಾದ ಪಂಜರದಲ್ಲಿ ಎರಡು ಹೆಣ್ಣುಗಳು ಜಗಳಕ್ಕೆ ಬೀಳುವುದುಂಟು. ಜೋಡಿ ಇದ್ದಾಗ ಮನುಷ್ಯರ ಮಾತು ಕಲಿಯುವುದು ಕಡಿಮೆ, ನಿಜ. ಕ್ಯಾಲಿಫೋರ್ನಿಯಾದ ಪಕ್ ಎಂಬ ಗಂಡು ಬಡ್ಜಿ 1,728 ಪದಗಳನ್ನು ಕಲಿತು ಗಿನ್ನೆಸ್ ದಾಖಲೆ ಸೇರಿತ್ತು. ಆದರೆ ನಿಮ್ಮ ಹಕ್ಕಿ ಒಂದೇ ಒಂದು ಪದ ಆಡದೆಯೂ ಇರಬಹುದು. ಮಾತಿಗಾಗಿಯೇ ತರುವುದಾದರೆ ತರಬೇಡಿ.

ಆರಿಸುವಾಗ ತಲೆ ನೋಡಿ. ಹಣೆಯ ಮೇಲಿನ ಅಡ್ಡಗೆರೆಗಳು ಕೊಕ್ಕಿನವರೆಗೂ ಇಳಿದಿದ್ದರೆ, ಕಣ್ಣು ಪೂರ್ತಿ ಕಪ್ಪಾಗಿದ್ದರೆ ಅದು ಎಳೆಯದು. ಮೂರು ನಾಲ್ಕು ತಿಂಗಳಿಗೆ ಗರಿ ಉದುರಿ ಹೊಸದು ಬಂದಾಗ ಹಣೆ ತೆರವಾಗುತ್ತದೆ. ಮೂಗಿನ ಹೊಳ್ಳೆಗಳಿರುವ ಮೆತ್ತನೆಯ ದಿಬ್ಬ ಬೆಳೆದ ಗಂಡಿಗೆ ನೀಲಿ, ಹೆಣ್ಣಿಗೆ ಕಂದು. ಪೂರ್ತಿ ಬಿಳಿ ಅಥವಾ ಹಳದಿ ಹಕ್ಕಿಗಳಲ್ಲಿ ಈ ಗುರುತು ನಂಬುವಂತಿಲ್ಲ.

ಪಂಜರ ಎತ್ತರಕ್ಕಿಂತ ಉದ್ದವಾಗಿರಬೇಕು, ಹಕ್ಕಿ ಹಾರುವುದು ಅಡ್ಡಕ್ಕೆ ತಾನೆ. ಮೈಚಾಚಿ ಓಡಾಡಲು ಸಾಲದಷ್ಟು ಚಿಕ್ಕ ಗೂಡಿನಲ್ಲಿ ಪ್ರಾಣಿಯನ್ನು ಇಡುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೇ ಅಪರಾಧ ಎನ್ನುತ್ತದೆ. ಅಂಗಡಿಯವರು ಹಕ್ಕಿಯ ಜೊತೆ ಕಟ್ಟಿಕೊಡುವ ಪುಟ್ಟ ದುಂಡು ಪಂಜರ ಮನೆಗೆ ತರುವ ದಾರಿಗಷ್ಟೇ ಸಾಕು. ಕೂರಲು ನುಣುಪಾದ ಪ್ಲಾಸ್ಟಿಕ್ ಕಡ್ಡಿಯ ಬದಲು ಸೀಬೆಯ ಅಥವಾ ಬೇವಿನ ಕೊಂಬೆ ಕಟ್ಟಿ. ಗಿಳಿಯ ಕಾಲಿನಲ್ಲಿ ಎರಡು ಬೆರಳು ಮುಂದೆ, ಎರಡು ಹಿಂದೆ. ಒಂದೇ ದಪ್ಪದ ಕಡ್ಡಿಯನ್ನು ದಿನವಿಡೀ ಹಿಡಿದು ಕೂತರೆ ಅಂಗಾಲು ಹುಣ್ಣಾಗುತ್ತದೆ. ಸತುವಿನ ಲೇಪದ ಅಗ್ಗದ ತಂತಿಯೂ ಬೇಡ. ಹಕ್ಕಿ ಅದನ್ನು ಕಡಿಯುತ್ತದೆ, ಸತು ಹೊಟ್ಟೆಗೆ ಹೋದರೆ ವಿಷ.

ದಿನಕ್ಕೊಮ್ಮೆಯಾದರೂ ಹೊರಗೆ ಬಿಟ್ಟು ಹಾರಾಡಿಸಬೇಕು. ಬಿಡುವ ಮೊದಲು ಫ್ಯಾನ್ ಆಫ್ ಮಾಡಿ, ರೆಕ್ಕೆಗಳು ಪೂರ್ತಿ ನಿಂತ ಮೇಲೆ ಬಾಗಿಲು ತೆಗೆಯಿರಿ. ನಮ್ಮ ಮನೆಗಳಲ್ಲಿ ಹಾರುವ ಹಕ್ಕಿಗೆ ಸೀಲಿಂಗ್ ಫ್ಯಾನ್‌ನಷ್ಟು ಅಪಾಯಕಾರಿ ವಸ್ತು ಇನ್ನೊಂದಿಲ್ಲ. ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿಸಿಟ್ಟರೆ ಮನೆಗೆ ಬಂದ ನೆಂಟರಿಗೂ ತಿಳಿಯುತ್ತದೆ. ಕಿಟಕಿಯ ಗಾಜಿಗೆ ಪರದೆ ಎಳೆಯಿರಿ, ನೀರಿನ ಬಕೆಟ್ ಮುಚ್ಚಿ.

ಅಡುಗೆಮನೆಯಿಂದ ಬರುವ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಹಕ್ಕಿಯ ಪುಪ್ಪಸಕ್ಕೆ ಗಾಳಿಚೀಲಗಳು ಜೋಡಿಸಿಕೊಂಡಿರುತ್ತವೆ. ಉಸಿರು ಎಳೆದಾಗಲೂ ಬಿಟ್ಟಾಗಲೂ ಹೊಸ ಗಾಳಿ ಪುಪ್ಪಸದಲ್ಲಿ ಹಾಯುತ್ತದೆ. ಹಾರಾಟಕ್ಕೆ ಬೇಕಾದ ಆಮ್ಲಜನಕ ಸಿಗುವುದು ಹೀಗೆ, ಗಾಳಿಯಲ್ಲಿರುವ ವಿಷ ಬೇಗ ಏರುವುದೂ ಹೀಗೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲ ಪತ್ತೆಗೆ ಕ್ಯಾನರಿ ಹಕ್ಕಿಗಳನ್ನು 1986ರವರೆಗೂ ಇಟ್ಟುಕೊಂಡಿದ್ದು ಇದೇ ಕಾರಣಕ್ಕೆ. ನಾನ್‌ಸ್ಟಿಕ್ ದೋಸೆ ಕಾವಲಿಯನ್ನು ಒಲೆಯ ಮೇಲಿಟ್ಟು ಮರೆತರೆ, ಅತಿಯಾಗಿ ಕಾದ ಲೇಪದಿಂದ ಏಳುವ ಅನಿಲ ಪಕ್ಕದ ಕೋಣೆಯ ಬಡ್ಜಿಯನ್ನೂ ನಿಮಿಷಗಳಲ್ಲಿ ಕೊಲ್ಲಬಲ್ಲದು. ಹಕ್ಕಿ ಇರುವ ಮನೆಗೆ ಕಬ್ಬಿಣದ ಕಾವಲಿಯೇ ಸರಿ. ಸೊಳ್ಳೆ ಬತ್ತಿ, ಅಗರಬತ್ತಿ, ಧೂಪ, ಒಗ್ಗರಣೆಯ ಘಾಟು, ಇವುಗಳಿಂದಲೂ ಪಂಜರ ದೂರವಿರಲಿ. ದೇವರ ಮನೆಯ ಪಕ್ಕ ಶುಭವೆಂದು ಪಂಜರ ತೂಗುಹಾಕುವವರು ಆ ಜಾಗ ಬದಲಿಸಲೇಬೇಕು.

ಊಟದ ವಿಷಯದಲ್ಲಿ ಕನ್ನಡನಾಡಿನವರಿಗೆ ಅನುಕೂಲವೇ ಹೆಚ್ಚು. ನವಣೆ, ಸಜ್ಜೆ ನಮ್ಮಲ್ಲೇ ಬೆಳೆಯುತ್ತವೆ. ಆದರೆ ಬರೀ ಕಾಳು ತಿಂದ ಬಡ್ಜಿಗೆ ಎ ಜೀವಸತ್ವದ ಕೊರತೆಯಾಗುತ್ತದೆ, ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ದಿನಾ ಒಂದಿಷ್ಟು ನುಗ್ಗೆ, ಕೊತ್ತಂಬರಿ, ಮೆಂತ್ಯ ಅಥವಾ ಹರಿವೆ ಸೊಪ್ಪನ್ನು ಚೆನ್ನಾಗಿ ತೊಳೆದು, ಒದ್ದೆಯಿರುವಾಗಲೇ ಕಟ್ಟಿ. ಎಷ್ಟೋ ಹಕ್ಕಿಗಳು ಮೊದಲು ಆ ಎಲೆಗಳ ಮೇಲೆ ಹೊರಳಾಡಿ ಸ್ನಾನ ಮಾಡುತ್ತವೆ, ಆಮೇಲೆ ತಿನ್ನುತ್ತವೆ. ಗ್ರಂಧಿಗೆ ಅಂಗಡಿಯ ಸಮುದ್ರಫೇನದ ಒಂದು ತುಂಡು ಸಿಕ್ಕಿಸಿದರೆ ಸುಣ್ಣದ ಅಂಶ ಸಿಗುತ್ತದೆ. ಕೊಡಗಿನ ಕಾಫಿ ತೋಟಗಳ ಬೆಣ್ಣೆಹಣ್ಣು ಮನೆಗೆ ಬಂದಿದ್ದರೆ ಅದರ ಒಂದು ಚೂರೂ ಪಂಜರದ ಹತ್ತಿರ ಸುಳಿಯಬಾರದು, ಅದು ಹಕ್ಕಿಯ ಹೃದಯಕ್ಕೆ ವಿಷ. ಚಾಕೊಲೇಟ್, ಕಾಫಿ, ಉಪ್ಪು ಹಾಕಿದ ಕುರುಕಲೂ ಬೇಡ.

ಕಸ ಬೀಳುತ್ತದೆ. ದಿನಕ್ಕೆ ನಲವತ್ತಕ್ಕೂ ಹೆಚ್ಚು ಸಲ ಹಿಕ್ಕೆ, ಅದರ ಜೊತೆ ಗರಿ, ಹೊಟ್ಟು. ಒಣ ಹಿಕ್ಕೆಯ ದೂಳಿನಿಂದ ಸಿಟಕೋಸಿಸ್ ಎಂಬ ಪುಪ್ಪಸದ ಸೋಂಕು ಮನುಷ್ಯರಿಗೂ ಹರಡಬಹುದು. ಪಂಜರದ ತಟ್ಟೆಯನ್ನು ಒದ್ದೆ ಮಾಡಿಯೇ ಒರೆಸಿ, ಕೈ ತೊಳೆಯಿರಿ. ಮನೆಯಲ್ಲಿ ಅಸ್ತಮಾ ಇದ್ದವರು ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ಇನ್ನು ಕಾಯಿಲೆ. ಕಾಡಿನಲ್ಲಿ ಸೊರಗಿದ ಹಕ್ಕಿಯ ಮೇಲೆ ಗಿಡುಗದ ಕಣ್ಣು ಬೀಳುತ್ತದೆ. ಆದ್ದರಿಂದ ಬಡ್ಜಿ ಕೈಲಾಗುವಷ್ಟು ದಿನ ಬೇನೆ ಮುಚ್ಚಿಡುತ್ತದೆ. ಪುಕ್ಕ ಉಬ್ಬಿಸಿಕೊಂಡು ತಳದಲ್ಲಿ ಕೂತಿದೆ, ಉಸಿರಿಗೊಮ್ಮೆ ಬಾಲ ಏರಿಳಿಯುತ್ತಿದೆ ಎಂದರೆ ರೋಗ ಬಹಳ ಮುಂದುವರಿದಿದೆ. ಅದಕ್ಕೂ ಮೊದಲೇ ಸುಳಿವು ಕೊಡುವುದು ತೂಕ. ಗ್ರಾಂ ಲೆಕ್ಕದ ಅಡುಗೆಮನೆ ತಕ್ಕಡಿಯ ಮೇಲೆ ನವಣೆ ತೆನೆಯೊಂದನ್ನಿಟ್ಟು, ಅಂಕಿಯನ್ನು ಶೂನ್ಯಕ್ಕೆ ತಂದು ಹಕ್ಕಿಯನ್ನು ಹತ್ತಿಸಿ. ಮೂರು ನಾಲ್ಕು ವಾರದಲ್ಲಿ ಅದು ತಾನೇ ಬಂದು ಹತ್ತುತ್ತದೆ. ವಾರಕ್ಕೊಮ್ಮೆ ಬರೆದಿಡಿ. 36 ಗ್ರಾಂ ಇದ್ದದ್ದು 32ಕ್ಕೆ ಇಳಿದರೆ, ಹಕ್ಕಿ ಎಷ್ಟೇ ಲವಲವಿಕೆಯಿಂದ ಕಂಡರೂ ಡಾಕ್ಟರ ಹತ್ತಿರ ಹೋಗಲೇಬೇಕು. ಹಕ್ಕಿ ನೋಡುವ ಪಶುವೈದ್ಯರು ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಅವರನ್ನು ಹುಡುಕಿಕೊಂಡ ಮೇಲೆಯೇ ಹಕ್ಕಿ ಕೊಳ್ಳಿ.

ಹೆಣ್ಣು ಗಂಡು ಜೋಡಿಯಿದ್ದರೆ ಗೂಡಿಗೆಂದು ಮಡಕೆ ಕಟ್ಟುವ ಮುನ್ನ ಯೋಚಿಸಿ. ಕತ್ತಲೆಯ ಪೊಟರೆ ಸಿಕ್ಕ ಕೂಡಲೇ ಹೆಣ್ಣು ದಿನ ಬಿಟ್ಟು ದಿನ ಒಂದರಂತೆ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಸುಮಾರು 18 ದಿನಕ್ಕೆ ಮರಿ, ಐದು ವಾರಕ್ಕೆ ಅವು ಗೂಡು ಬಿಡುತ್ತವೆ, ತಾಯಿ ಮತ್ತೆ ಮೊಟ್ಟೆಗೆ ಕೂರುತ್ತದೆ. ಎಡೆಬಿಡದೆ ಮೊಟ್ಟೆಯಿಟ್ಟ ಹೆಣ್ಣಿನ ಮೈಯ ಸುಣ್ಣವೆಲ್ಲ ಬಸಿದುಹೋಗಿ, ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುವುದುಂಟು. ಮರಿಗಳನ್ನು ಸಾಕಲು ಜಾಗ, ಕೊಡಲು ಒಳ್ಳೆಯ ಮನೆಗಳು ಇಲ್ಲದವರು ಮಡಕೆ ಕಟ್ಟಲೇಬಾರದು.

ಚೆನ್ನಾಗಿ ನೋಡಿಕೊಂಡ ಬಡ್ಜಿ ಐದರಿಂದ ಹತ್ತು ವರ್ಷ ಬದುಕುತ್ತದೆ. ಅಷ್ಟರಲ್ಲಿ ಹಟ ಹಿಡಿದು ತರಿಸಿದ ಮಗು ಕಾಲೇಜಿಗೆ ಹೋಗಿರಬಹುದು, ನಿಮಗೆ ಬೇರೆ ಊರಿಗೆ ವರ್ಗವಾಗಿರಬಹುದು. ಆಗ ಪುಣ್ಯ ಬರುತ್ತದೆಂದು ಬಾಗಿಲು ತೆರೆದು ಬಿಡಬೇಡಿ. ಪಂಜರದಲ್ಲೇ ಹುಟ್ಟಿ ಬೆಳೆದ ಹಕ್ಕಿಗೆ ಇಲ್ಲಿ ನೀರು, ಕಾಳು ಎಲ್ಲಿ ಸಿಗುತ್ತವೆ ಎಂಬುದು ಗೊತ್ತಿಲ್ಲ. ಹಳದಿ, ನೀಲಿ ಬಣ್ಣ ಕಾಗೆಗೆ ದೂರದಿಂದಲೇ ಕಾಣುತ್ತದೆ. ಸಾಕುವ ಮನಸ್ಸಿರುವ ಇನ್ನೊಬ್ಬರನ್ನು ಹುಡುಕಿ. ಜೋಡಿಯನ್ನು ಬೇರೆ ಮಾಡದೆ, ಅದೇ ಪಂಜರ, ಒಂದು ತಿಂಗಳಿಗಾಗುವಷ್ಟು ಅದೇ ಕಾಳು, ತೂಕ ಬರೆದಿಟ್ಟ ಪುಸ್ತಕದ ಸಮೇತ ಒಪ್ಪಿಸಿ.