ಮಂಜುಗಡ್ಡೆ ಕೊರೆದು ಲೇಕ್ ಟ್ರೌಟ್‌ಗೆ ಗಾಳ

ನಮ್ಮ ಕೆರೆ ಹೊಳೆಗಳಲ್ಲಿ ಗಾಳ ಹಾಕುವವರ ಕಣ್ಣೆಲ್ಲ ಬೆಂಡಿನ ಮೇಲೆ. ಬೆಂಡು ಮುಳುಗಿದಾಗ ಕೋಲು ಎತ್ತಿದರಾಯಿತು, ಅಲ್ಲಿಯವರೆಗೆ ದಡದಲ್ಲಿ ಕೂತು ಊರ ಸುದ್ದಿ ಮಾತಾಡಬಹುದು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಸಿಮ್ಕೋ ಸರೋವರದಲ್ಲಿ ಲೇಕ್ ಟ್ರೌಟ್ ಹಿಡಿಯಲು ಜಿಗ್ಗಿಂಗ್ ಮಾಡುವವರಿಗೆ ಈ ಆರಾಮ ಇಲ್ಲ. ಸೀಸದ ತಲೆಗೆ ಬಿಳಿ ರಬ್ಬರಿನ ಮೈ ತೊಡಿಸಿದ ಜಿಗ್ ಎಂಬ ಹುಸಿ ಮೀನನ್ನು ಹತ್ತಾರು ಅಡಿ ಆಳಕ್ಕೆ ಇಳಿಸಿ, ಅದು ಬದುಕಿದೆಯೆಂದು ನಿಜವಾದ ಮೀನನ್ನು ನಂಬಿಸಬೇಕು. ಆ ನಾಟಕವೆಲ್ಲ ಮಣಿಕಟ್ಟಿನ ಕೆಲಸ.

ಟೊರಾಂಟೊದಿಂದ ಉತ್ತರಕ್ಕೆ ಗಂಟೆಯ ಮೇಲೆ ಸ್ವಲ್ಪ ಕಾರು ಓಡಿಸಿದರೆ ಸಿಮ್ಕೋ. ಹರವು 700 ಚದರ ಕಿಲೋಮೀಟರಿಗೂ ಹೆಚ್ಚು. ಬ್ಯಾರಿ ಪಟ್ಟಣದ ಮಗ್ಗುಲಿನ ಕೆಂಪೆನ್‌ಫೆಲ್ಟ್ ಕೊಲ್ಲಿಯಲ್ಲಿ ಆಳ 40 ಮೀಟರ್ ದಾಟುತ್ತದೆ. ಜನವರಿಯ ಚಳಿಗೆ ನೀರು ಗಟ್ಟಿಯಾಯಿತೆಂದರೆ ಅದರ ಮೇಲೆ ಪುಟ್ಟ ಗುಡಿಸಲುಗಳ ಒಂದು ಊರೇ ಎದ್ದು ನಿಲ್ಲುತ್ತದೆ. ಒಳಗೆ ಬೆಂಚು, ಗ್ಯಾಸ್ ಹೀಟರ್, ನೆಲದಲ್ಲಿ ಕೊರೆದ ತೂತುಗಳು. ದಿನದ ಬಾಡಿಗೆಗೆ ಸಿಗುತ್ತವೆ, ದಡದಿಂದ ಕರೆದೊಯ್ದು ಸಂಜೆ ವಾಪಸು ಬಿಡುವವರೂ ಇದ್ದಾರೆ. ಈ ನೀರಲ್ಲಿ ಮೀನು ಹಿಡಿಯುವುದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಸರೋವರದ ಉತ್ತರದಲ್ಲಿ, ಒರಿಲಿಯಾದ ಹತ್ತಿರ, ಆದಿವಾಸಿಗಳು ನೀರೊಳಗೆ ಕಂಬ ನೆಟ್ಟು ಮಾಡಿದ್ದ ಮೀನು ಕಟ್ಟೆಗಳ ಅವಶೇಷಗಳಿಗೆ 4,500 ವರ್ಷಕ್ಕೂ ಹೆಚ್ಚಿನ ವಯಸ್ಸು.

ಲೇಕ್ ಟ್ರೌಟ್‌ಗೆ ತಣ್ಣನೆಯ, ಆಮ್ಲಜನಕ ಚೆನ್ನಾಗಿರುವ ನೀರೇ ಬೇಕು. ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾದಾಗ ಅದು ತಳ ಸೇರಿಬಿಡುತ್ತದೆ, ಆಗ ದೋಣಿಯಿಂದ ಜಿಗ್ ಇಳಿಸುವವರು ಆಳವನ್ನೇ ಹುಡುಕಬೇಕು. ಚಳಿಗಾಲದಲ್ಲಿ ಐಸಿನಡಿಯ ನೀರೆಲ್ಲ ತಣ್ಣಗೇ ಇರುವುದರಿಂದ ಮೀನಿಗೆ ತಳವೂ ಒಂದೇ, ಐಸಿನ ಬುಡವೂ ಒಂದೇ, ಎಲ್ಲಿ ಬೇಕಾದರೂ ತಿರುಗುತ್ತದೆ. ಬೆಳೆಯುವುದು ಮಾತ್ರ ಬಲು ನಿಧಾನ. ಮೊಟ್ಟೆಯಿಡುವಷ್ಟು ದೊಡ್ಡದಾಗಲು ಆರೇಳು ವರ್ಷ ಹಿಡಿಯುವುದುಂಟು. ಕೆನಡಾದ ಉತ್ತರದ ಸರೋವರಗಳಲ್ಲಿ 50 ವರ್ಷ ದಾಟಿದ ಮೀನುಗಳೂ ಸಿಕ್ಕಿವೆ.

ಈಗ ಜಿಗ್ಗಿಂಗ್‌ಗೆ ಬರೋಣ. ಗುಡಿಸಲಿಗೆಂದೇ ಇರುವ ಮೋಟು ಕೋಲು, ಸಣ್ಣ ರೀಲು, ಹಿಗ್ಗದ ಹೆಣೆದ ದಾರ, ತುದಿಯಲ್ಲಿ ಮೀನಿಗೆ ಸುಲಭವಾಗಿ ಕಾಣದ ಪಾರದರ್ಶಕ ನೂಲು. ರೀಲಿನ ಬಾಯಿ ತೆರೆದರೆ ಜಿಗ್ ಸುತ್ತಿ ಸುತ್ತಿ ಇಳಿಯುತ್ತದೆ, ಏಟು ತಿಂದ ಸಣ್ಣ ಮೀನು ಹಾಗೇ ಮುಳುಗುವುದು. ದಾರ ಸಡಿಲಾದರೆ ತಳ ಮುಟ್ಟಿತೆಂದು ಲೆಕ್ಕ. ಅಲ್ಲಿಂದ ಒಂದಡಿ ಎರಡಡಿ ಎತ್ತುವುದು, ಇಳಿಯಲು ಬಿಡುವುದು. ಎಷ್ಟೋ ಮೀನುಗಳು ಜಿಗ್ ಇಳಿಯುವಾಗಲೇ ಬಾಯಿ ಹಾಕುತ್ತವೆ. ಆಗ ಜಗ್ಗಿದ ಅನುಭವ ಆಗದೆ ದಾರ ಇದ್ದಕ್ಕಿದ್ದಂತೆ ಹಗುರಾಗಬಹುದು. ಈ ಹಗುರನ್ನು ಗುರುತಿಸುವ ಬೆರಳು ಬಂದವರೇ ಪಳಗಿದವರು.

ಗುಡಿಸಲಲ್ಲಿ ಸೋನಾರ್ ಪರದೆಯಿದ್ದರೆ ಮಕ್ಕಳು ಅದನ್ನು ಬಿಟ್ಟು ಏಳುವುದಿಲ್ಲ. ತಳಕ್ಕೊಂದು ದಪ್ಪ ಗೆರೆ, ಜಿಗ್‌ಗೊಂದು ಸಣ್ಣ ಗೆರೆ. ಮೂರನೆಯ ಗೆರೆಯೊಂದು ಕೆಳಗಿನಿಂದ ಏಳುತ್ತಿದ್ದರೆ ಮೀನು ಬಂತೆಂದು ಅರ್ಥ. ಹೊಸಬರು ಇಲ್ಲೇ ಕೆಡಿಸಿಕೊಳ್ಳುವುದು, ಮೀನು ಬಂದ ಗಾಬರಿಗೆ ಕೈ ನಿಲ್ಲಿಸಿಬಿಡುತ್ತಾರೆ. ಓಡದ ಬೇಟೆಯನ್ನು ಲೇಕ್ ಟ್ರೌಟ್ ಅನುಮಾನಿಸುತ್ತದೆ, ಓಡಿದ್ದನ್ನು ಬೆನ್ನಟ್ಟುತ್ತದೆ.

“ಅಪ್ಪಾ, ಬಂತು ಬಂತು!”

“ನಿಲ್ಲಿಸ್ಬೇಡ ಪುಟ್ಟಾ, ಮೇಲಕ್ಕೆ ಸುತ್ತು, ಸುತ್ತು!”

ಇಂಥ ಮಾತು ಅಲ್ಲಿ ಕನ್ನಡದಲ್ಲೂ ಕೇಳಿಬಂದರೆ ಅಚ್ಚರಿಯಿಲ್ಲ, ಟೊರಾಂಟೊ ಸುತ್ತ ಕನ್ನಡದ ಮನೆಗಳು ಬೇಕಾದಷ್ಟಿವೆ. ದೂರಕ್ಕೆ ಗಾಳ ಬೀಸುವ ವಿದ್ಯೆ ಬೇಕಿಲ್ಲ, ಕಾಲ ಬುಡದಲ್ಲೇ ತೂತು. ಎಂಟು ವರ್ಷದ ಮಗುವೂ ಅಪ್ಪನಷ್ಟೇ ಚೆನ್ನಾಗಿ ಆಡಬಲ್ಲದು. ಮನೆಮಂದಿಯೆಲ್ಲ ಹೋಗುವುದಕ್ಕೆ ಇದಕ್ಕಿಂತ ಒಪ್ಪುವ ಮೀನು ಬೇಟೆ ನನಗೆ ಹೊಳೆಯುತ್ತಿಲ್ಲ.

ಮೀನು ಮೇಲೇರುವಾಗ ತೂತಿನಲ್ಲಿ ಮೊದಲು ಗುಳ್ಳೆಗಳು ಬರುತ್ತವೆ. ಲೇಕ್ ಟ್ರೌಟ್‌ನ ಗಾಳಿಚೀಲಕ್ಕೂ ಅನ್ನನಾಳಕ್ಕೂ ಕೊಳವೆಯ ಸಂಪರ್ಕವಿದೆ. ಆಳದ ಒತ್ತಡ ತಗ್ಗಿದಂತೆ ಹಿಗ್ಗುವ ಗಾಳಿಯನ್ನು ಅದು ಬಾಯಿಂದಲೇ ತೇಗಿಬಿಡುತ್ತದೆ. ಈ ಸೌಕರ್ಯವಿಲ್ಲದ ಮೀನುಗಳು ಆಳದಿಂದ ಬಂದರೆ ಹೊಟ್ಟೆಯುಬ್ಬಿ ಒದ್ದಾಡುತ್ತವೆ. ಆದ್ದರಿಂದಲೇ ಬೇಡದ ಟ್ರೌಟನ್ನು ಮರಳಿ ನೀರಿಗೆ ಬಿಡುವುದಕ್ಕೆ ಅರ್ಥವಿದೆ. ಆದರೆ ಅದನ್ನು ಐಸಿನ ಮೇಲೆ ಮಲಗಿಸಿ ಫೋಟೊ ತೆಗೆಯುತ್ತಾ ನಿಲ್ಲುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೊರೆಯುವ ಗಾಳಿಗೆ ಕಣ್ಣು, ಕಿವಿರು ಹೆಪ್ಪುಗಟ್ಟಲು ಹೆಚ್ಚು ಹೊತ್ತು ಬೇಡ.

ಮೀನು ಕೈಗೆ ಬಂದಾಗ ಅದರ ಈಜುರೆಕ್ಕೆಗಳನ್ನು ಒಂದೊಂದಾಗಿ ನೋಡಬೇಕು. ಹೊಲಗಳಿಂದ, ಪಟ್ಟಣಗಳಿಂದ ಹರಿದು ಬಂದ ರಂಜಕದಿಂದ ಸಿಮ್ಕೋದಲ್ಲಿ ಪಾಚಿ ಬೆಳೆದು, ಸತ್ತು ತಳದಲ್ಲಿ ಕೊಳೆಯುತ್ತಾ ಆಳದ ನೀರಿನ ಆಮ್ಲಜನಕವನ್ನು ತಿಂದುಹಾಕಿತು. ಮರಿ ಬದುಕಲು ಜಾಗವೇ ಉಳಿಯಲಿಲ್ಲ. 1960ರ ದಶಕದಿಂದ ಈ ಸರೋವರದ ಟ್ರೌಟ್ ಸಂತತಿ ನಿಂತದ್ದು ಸರ್ಕಾರ ಸಾಕಿ ಬಿಟ್ಟ ಮರಿಗಳ ಮೇಲೆ. ಬಿಡುವ ಮುನ್ನ ಗುರುತಿಗೆ ಒಂದು ರೆಕ್ಕೆ ಕತ್ತರಿಸುತ್ತಾರೆ. ರಂಜಕಕ್ಕೆ ಕಡಿವಾಣ ಹಾಕುವ ಪ್ರಯತ್ನ ಬಹುಕಾಲದಿಂದ ನಡೆದಿದ್ದು, 2008ರಲ್ಲಿ ಈ ಸರೋವರದ ರಕ್ಷಣೆಗೆಂದೇ ಒಂದು ಕಾನೂನು ಬಂತು. ಈಗ ಎಲ್ಲ ರೆಕ್ಕೆಗಳೂ ಇಡಿಯಾಗಿರುವ ಟ್ರೌಟ್‌ಗಳು ಸಿಗುತ್ತಿವೆ, ಅಂದರೆ ಸರೋವರದಲ್ಲೇ ಹುಟ್ಟಿದವು. ಇವೆರಡರಲ್ಲಿ ಒಂದನ್ನು ಮನೆಗೊಯ್ಯುವುದಾದರೆ ರೆಕ್ಕೆ ಮೊಂಡಾದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಿ ಎಂಬುದು ನನ್ನ ಮತ. ಇದು ಕೊಬ್ಬಿನ ಮೀನು, ಸಾರಿಗಿಂತ ತವಾ ಮೇಲಿನ ರವೆ ಫ್ರೈಗೆ ಒಗ್ಗುತ್ತದೆ. ದೊಡ್ಡ ಮೀನಿನಲ್ಲಿ ಪಾದರಸ ಸೇರಿರುವುದರಿಂದ ಮಕ್ಕಳು, ಬಸುರಿಯರು ಎಷ್ಟು ತಿನ್ನಬಹುದೆಂದು ಪ್ರಾಂತ್ಯ ಸರ್ಕಾರದ ಕೈಪಿಡಿ ಹೇಳುತ್ತದೆ, ನೋಡಿಕೊಳ್ಳಿ.

ಹೊರಡುವವರಿಗೆ ಒಂದೆರಡು ಮಾತು. ಫೆಬ್ರವರಿಯ ಮೂರನೇ ಸೋಮವಾರ ಒಂಟಾರಿಯೊದಲ್ಲಿ ಫ್ಯಾಮಿಲಿ ಡೇ. ಆ ವಾರಾಂತ್ಯದಲ್ಲಿ ಕೆನಡಾದ ನಿವಾಸಿಗಳು ಲೈಸೆನ್ಸ್ ಇಲ್ಲದೆ ಮೀನು ಹಿಡಿಯಬಹುದು, ಎಷ್ಟು ಹಿಡಿಯಬಹುದೆಂಬ ಮಿತಿ ಮಾತ್ರ ಇದ್ದೇ ಇರುತ್ತದೆ. ಬೆಂಗಳೂರಿನಿಂದ ಬಂದ ಅಜ್ಜ ಅಜ್ಜಿ ಗಾಳ ಹಿಡಿಯುವುದಾದರೆ ಅವರಿಗೆ ಲೈಸೆನ್ಸ್ ಮಾಡಿಸಲೇಬೇಕು. ನಡೆಯುವುದಕ್ಕೆ ಕನಿಷ್ಠ 10 ಸೆಂಟಿಮೀಟರ್ ದಪ್ಪದ ತಿಳಿ ಐಸು ಬೇಕೆನ್ನುತ್ತಾರೆ, ಬೆಳ್ಳಗಿನ ಹಿಮ ಬೆರೆತ ಐಸಾದರೆ ಅದರ ಎರಡರಷ್ಟು. ಐಸು ತಡವಾಗಿ ಕಟ್ಟಿ ಬೇಗ ಕರಗುವ ವರ್ಷಗಳು ಈಚೆಗೆ ಹೆಚ್ಚಾಗಿವೆ, ಹೊರಡುವ ಮುನ್ನ ಗುಡಿಸಲಿನವರಿಗೆ ಫೋನ್ ಮಾಡಿ ಕೇಳುವುದು ಲೇಸು.