ಮೂರನೇ ಲೇಥು

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಎರಡನೇ ಫೇಸಿನಲ್ಲಿ ನಮ್ಮ ಊರ ಕಡೆಯವರೊಬ್ಬರ ವರ್ಕ್‌ಶಾಪ್ ಇದೆ. ಮೂರು ಲೇಥ್ ಮೆಷಿನ್. ಎರಡು ಓಡುತ್ತವೆ, ಮೂರನೆಯದರ ಮೇಲೆ ನೀಲಿ ತಾಡಪತ್ರಿ. ಕಳೆದ ಮಳೆಗಾಲದಲ್ಲಿ ಹೋದಾಗ ಅದನ್ನೆತ್ತಿ ತೋರಿಸಿದರು. ಚಕ್‌ಗೆ ಗ್ರೀಸ್ ಬಳಿದಿದೆ, ಬೆಡ್ಡಿನ ಮೇಲೆ ತುಕ್ಕಿನ ಒಂದು ಚುಕ್ಕೆಯೂ ಇಲ್ಲ.

“ಆರ್ಡರ್ ಇಲ್ವಾ ಅಣ್ಣ?” ಅಂದೆ.

“ಆರ್ಡರ್ ಬರ್ತದೆ ಮಾರಾಯ್ರೆ. ಓಡಿಸುವವ ಎಲ್ಲಿದ್ದಾನೆ?”

ಲಾಕ್‌ಡೌನಿನಲ್ಲಿ ಊರಿಗೆ ಹೋದ ಟರ್ನರ್ ಮರಳಿ ಬರಲಿಲ್ಲ. ಟೂಲ್ ಕಬ್ಬಿಣವನ್ನು ಕಚ್ಚುವ ಸದ್ದು ಕೇಳಿಯೇ ಅಳತೆ ತಪ್ಪಿದ್ದನ್ನು ಹೇಳುತ್ತಿದ್ದ ಮನುಷ್ಯ ಈಗ ರಿಕ್ಷಾ ಓಡಿಸುತ್ತಾನಂತೆ.

ಈ ವರ್ಕ್‌ಶಾಪಿನ ತಾಕತ್ತು ಎಷ್ಟು? ಮೆಷಿನ್ ಎಣಿಸಿದರೆ ಮೂರು, ಕೈ ಎಣಿಸಿದರೆ ಎರಡು. ಇದೇ ಪ್ರಶ್ನೆಯನ್ನು ಇಡೀ ದೇಶಕ್ಕೆ ಹಾಕಿದರೆ ಸಿಗುವ ಉತ್ತರಕ್ಕೆ ಅರ್ಥಶಾಸ್ತ್ರಜ್ಞರು ‘ಸಂಭಾವ್ಯ ಉತ್ಪಾದನೆ’ ಎನ್ನುತ್ತಾರೆ. ಇರುವ ಯಂತ್ರ, ಜನ, ಕಸುಬು ಬಳಸಿ, ಬೆಲೆಗಳು ಕೈಮೀರದಂತೆ ದೇಶವೊಂದು ಎಷ್ಟು ದುಡಿಯಬಲ್ಲದು ಎಂಬ ಲೆಕ್ಕ ಅದು. ದುಡಿದದ್ದು ಅದಕ್ಕಿಂತ ಕಡಿಮೆ ಇದ್ದರೆ ಸೆಂಟ್ರಲ್ ಬ್ಯಾಂಕು ಬಡ್ಡಿ ಇಳಿಸಲು ನೋಡುತ್ತದೆ, ಮೀರಿದರೆ ಏರಿಸುತ್ತದೆ. ಆ ಬಡ್ಡಿ ಕೊನೆಗೆ ಬಂದು ಮುಟ್ಟುವುದು ಈ ವರ್ಕ್‌ಶಾಪಿನ ಓವರ್‌ಡ್ರಾಫ್ಟಿಗೆ.

1962ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಆರ್ಥರ್ ಓಕನ್ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ನಿರುದ್ಯೋಗ ಶೇ 4ರಲ್ಲಿದ್ದರೆ ದೇಶ ತನ್ನ ಪೂರ್ಣ ಶಕ್ತಿಯಲ್ಲಿ ದುಡಿಯುತ್ತಿದೆ ಎಂದರ್ಥ. ಅದಕ್ಕಿಂತ ಒಂದು ಶೇಕಡಾ ಅಂಶ ಹೆಚ್ಚಾದರೆ ಉತ್ಪಾದನೆಯಲ್ಲಿ ಸುಮಾರು ಶೇ 3 ಖೋತಾ. ಓಕನ್ ಎಣಿಸಿದ್ದು ಕೆಲಸವಿಲ್ಲದ ಮನುಷ್ಯರನ್ನು ಎಂಬ ಕಾರಣಕ್ಕೇ ನನಗೆ ಅವರ ಲೆಕ್ಕದ ಮೇಲೆ ಗೌರವ.

ಆಮೇಲೆ ಲೆಕ್ಕ ಜಾಣವಾಯಿತು. ಬಂಡವಾಳ, ದುಡಿಮೆಯ ಗಂಟೆ, ಉತ್ಪಾದಕತೆ ಮೂರನ್ನೂ ಬೇರೆ ಬೇರೆ ಅಳೆದು ಕೂಡಿಸುವ ಕ್ರಮ ಬಂತು. ಹಿಂದಿನ ವರ್ಷಗಳ ಅಂಕಿಗಳ ನಡುವೆ ನುಣುಪಾದ ಗೆರೆ ಎಳೆದು, ಅದೇ ದೇಶದ ಸಾಮರ್ಥ್ಯ ಎನ್ನುವ ಹಾಡ್ರಿಕ್–ಪ್ರೆಸ್ಕಾಟ್ ಫಿಲ್ಟರ್ ಬಂತು. ತೊಡಕಿರುವುದು ಈ ಗೆರೆಯಲ್ಲೇ. ಕೆಟ್ಟ ಕಾಲ ನಾಲ್ಕು ವರ್ಷ ಎಳೆದರೆ ಗೆರೆಯೂ ಕೆಳಗೆ ಬಾಗುತ್ತದೆ. ಮಾಡಲಾಗದೆ ಹೋದದ್ದನ್ನು, ಮಾಡುವ ತಾಕತ್ತೇ ಇರಲಿಲ್ಲ ಎಂದು ಬರೆದುಬಿಡುತ್ತದೆ.

ಸ್ಪೇನಿನಲ್ಲಿ ಆದದ್ದು ಇಂಥದ್ದೇ. 2013ರ ಹೊತ್ತಿಗೆ ಅಲ್ಲಿ ನಿರುದ್ಯೋಗ ಶೇ 26ರ ಆಸುಪಾಸಿನಲ್ಲಿತ್ತು. ಯುರೋಪಿಯನ್ ಕಮಿಷನ್ನಿನ ಲೆಕ್ಕದಲ್ಲಿ ಆ 26ರಲ್ಲಿ 20ಕ್ಕೂ ಹೆಚ್ಚು ಸಹಜ ನಿರುದ್ಯೋಗ, ಬೇಡಿಕೆ ಹೆಚ್ಚಿದರೂ ಹೋಗದಂಥದ್ದು! ಸರ್ಕಾರ ಎಷ್ಟು ಖರ್ಚು ಮಾಡಬಹುದೆಂದು ನಿರ್ಧರಿಸಲು ಬಳಸಿದ್ದೂ ಇದೇ ಲೆಕ್ಕ. ಕೆಲವೇ ವರ್ಷಗಳ ಹಿಂದೆ ಕಟ್ಟಡ ಕಟ್ಟುತ್ತಿದ್ದ ಲಕ್ಷಾಂತರ ಕೈಗಳನ್ನು ಕೋಷ್ಟಕದ ಒಂದು ಅಂಕಿ ಅಳಿಸಿಹಾಕಿತು. ಇದನ್ನು ಬರೀ ತಾಂತ್ರಿಕ ತಪ್ಪು ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ನಮ್ಮಲ್ಲಿ ರಿಸರ್ವ್ ಬ್ಯಾಂಕು ಮೂರು ತಿಂಗಳಿಗೊಮ್ಮೆ ಕಾರ್ಖಾನೆಗಳ ಆರ್ಡರ್, ದಾಸ್ತಾನು, ಸಾಮರ್ಥ್ಯ ಬಳಕೆಯ ಸಮೀಕ್ಷೆ ನಡೆಸುತ್ತದೆ. 2020ರ ಏಪ್ರಿಲ್–ಜೂನ್‌ನಲ್ಲಿ ಬಳಕೆ ಶೇ 47.3ಕ್ಕೆ ಕುಸಿದಿತ್ತು; ಈಚಿನ ವರ್ಷಗಳಲ್ಲಿ ಶೇ 75ರ ಆಜುಬಾಜಿನಲ್ಲಿದೆ. ಈ ಅಂಕಿ ಬೇಕೇ ಬೇಕು. ಆದರೆ ಸಾಮರ್ಥ್ಯ ಎಂದು ಅದು ಮೊದಲು ಹಿಡಿಯುವುದು ಯಂತ್ರವನ್ನು.

ಯಂತ್ರ ನಿಂತಾಗ ಕೈಗಳು ಏನಾಗುತ್ತವೆಂದು ನೋಡಲು ದೂರ ಹೋಗಬೇಕಿಲ್ಲ. ಕಲ್ಯಾಣದಿಂದ ಕಸಾರಾ ಲೋಕಲ್ ಹತ್ತಿದರೆ ಮೊದಲು ಶಹಾಡ್, ಅಲ್ಲಿ ಸೆಂಚುರಿ ರೇಯಾನ್. ಮುಂದಿನದು ಆಂಬಿವಲಿ, ಪಕ್ಕದಲ್ಲೇ ಮೋಹನೆ. ಅಲ್ಲಿನ ಎನ್‌ಆರ್‌ಸಿ ರೇಯಾನ್ ಕಾರ್ಖಾನೆ 2009ರಲ್ಲಿ ನಿಂತಿತು. ಅದರ ಸುತ್ತಲೇ ಕಟ್ಟಿಕೊಂಡ ಊರು ಅದು. ಠಾಣೆಯ ಘೋಡ್‌ಬಂದರ್, ಪೋಖ್ರಣ್ ರಸ್ತೆಗಳಲ್ಲಿ ಕಾರ್ಖಾನೆಗಳಿದ್ದ ಜಾಗದಲ್ಲಿ ಟವರುಗಳೆದ್ದಿವೆ. ನವಿ ಮುಂಬಯಿಯ ಐರೋಲಿಯಲ್ಲಿ ಐಟಿ ಪಾರ್ಕು. ಒಬ್ಬೊಬ್ಬರ ದುಡಿಮೆಯ ಬೆಲೆ ಏರಿದ್ದರಿಂದ ದೇಶದ ಲೆಕ್ಕಕ್ಕೆ ಈ ಬದಲಾವಣೆ ಲಾಭವೇ, ಐಟಿಯ ಕೆಲಸವೂ ಬೇಕು. ಆದರೆ ಐವತ್ತು ದಾಟಿದ ಸ್ಪಿನ್ನಿಂಗ್ ಆಪರೇಟರ್ ಐರೋಲಿಯ ಎಸಿ ಕೋಣೆಯೊಳಗೆ ಹೋಗಿ ಕೂರುವುದಿಲ್ಲ. ವಾಚ್‌ಮನ್ ಆಗುತ್ತಾನೆ. ದೀರ್ಘಕಾಲದ ನಿರುದ್ಯೋಗ ಕಸುಬನ್ನೇ ಕಳೆಯುತ್ತದೆ, ಅಲ್ಲಿಗೆ ದೇಶದ ಸಾಮರ್ಥ್ಯವೂ ನಿಜಕ್ಕೂ ತಗ್ಗುತ್ತದೆ ಎಂಬ ವಾದವನ್ನು ಅರ್ಥಶಾಸ್ತ್ರಜ್ಞರಾದ ಬ್ಲಾಂಷಾರ್ ಮತ್ತು ಸಮ್ಮರ್ಸ್ 1986ರಲ್ಲೇ ಚರ್ಚಿಸಿದ್ದರು. ತಪ್ಪು ಅಂದಾಜು ಹೀಗೆ ಕೊನೆಗೆ ತಾನೇ ನಿಜವಾಗಿಬಿಡುತ್ತದೆ.

ಡೊಂಬಿವಲಿ ಎಂಐಡಿಸಿಗೆ ಶುಕ್ರವಾರ ರಜೆ. ಗುರುವಾರ ಸಂಜೆ ಶಟರ್ ಎಳೆಯುವ ಮೊದಲು ನಮ್ಮವರು ತಾಡಪತ್ರಿ ತೆಗೆದು ಮೂರನೇ ಲೇಥನ್ನು ಅರ್ಧ ಗಂಟೆ ಓಡಿಸುತ್ತಾರೆ. ಈಗೀಗ ಅಂಬರನಾಥ ಐಟಿಐಯ ಹುಡುಗನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಹುಡುಗ ವರ್ನಿಯರ್ ಹಿಡಿದು ಅಳೆಯಲು ಬಗ್ಗಿದರೆ ಅವನ ಕೈ ಹಿಡಿದು ತಡೆಯುತ್ತಾರೆ.

“ರುಕ್. ಪೆಹಲೆ ಸುನ್.”