ಹಿಮ ನೂಕುವ ಬ್ಲೇಡು, ಹೊಲದ ಮಣ್ಣು

ಪ್ರಶ್ನೆ: ಹಿಮ ಸರಿಸುವ ಬ್ಲೇಡನ್ನು ಜೀಪಿಗೆ ಜೋಡಿಸಿ ಹೊಲದ ದಾರಿಯ ಮಣ್ಣನ್ನು ಸರಿಸಬಹುದೆ? (ಓದುಗರೊಬ್ಬರು, ಶಿರೂರು, ಪುಣೆ ಜಿಲ್ಲೆ)

ಉತ್ತರ: ಘೋಡ್ ನದಿಯ ದಡದ ನಿಮ್ಮ ಊರಿನಲ್ಲಿ ಹಿಮಪಾತವಿಲ್ಲವಾದರೂ ಪ್ರಶ್ನೆಯು ವಿಚಾರಾರ್ಹವಾದುದು. ಆಗತಾನೆ ಬಿದ್ದ ಸಡಿಲ ಹಿಮವು ಘನಮೀಟರಿಗೆ ಸುಮಾರು 100 ಕಿಲೋ ಮಾತ್ರ ತೂಗುವುದರಿಂದ ಜೀಪು ಅದನ್ನು ಅನಾಯಾಸವಾಗಿ ನೂಕಬಲ್ಲುದು; ಮಣ್ಣಾದರೋ ಅದರ ಹದಿನೈದು ಪಟ್ಟು ಭಾರವುಳ್ಳದ್ದು. ಹಿಮವೇ ಆದರೂ ಗಟ್ಟಿಕಟ್ಟಿದಾಗ, 1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆಯವರು, ಹನ್ನೊಂದು ಸಾವಿರ ಅಡಿಗೂ ಮಿಗಿಲಾದ ಜೋಜಿ ಲಾ ಕಣಿವೆದಾರಿಯಲ್ಲಿ ಬುಲ್ಡೋಜರುಗಳನ್ನೇ ಹೂಡಬೇಕಾಗುತ್ತದೆ.

ಜೋಡಣೆಯ ಮರ್ಮವಿಷ್ಟು: ಬ್ಲೇಡನ್ನು ಬಂಪರಿಗಲ್ಲದೆ ಚಾಸಿಗೇ ಬಿಗಿಯಬೇಕು, ಓರೆಯಾಗಿ ತಿರುಗಿಸಿದಾಗಲೂ ಅದು ಚಕ್ರಗಳೆರಡರ ಹೊರ ಅಂಚನ್ನು ಮೀರಿ ಚಾಚಿರಬೇಕು, ಕಲ್ಲು ತಾಕಿದೊಡನೆ ಮುಂದಕ್ಕೆ ಮಡಿಚಿಕೊಳ್ಳುವ ಸ್ಪ್ರಿಂಗು ಇರಲೇಬೇಕು, ಮುಂಗಡೆಯ ಭಾರವನ್ನು ಸರಿದೂಗಿಸಲು ಹಿಂಗಡೆ ತೂಕವಿರಿಸಬೇಕು. ಆ ಸ್ಪ್ರಿಂಗು ಹಿಮದ ಅಳತೆಗೆ ನಿರ್ಮಿತವಾದುದರಿಂದ ಮಣ್ಣಿನ ಮುಂದೆ ಪದೇಪದೇ ಮಡಿಚಿಕೊಳ್ಳುವುದಲ್ಲದೆ, ವಾಹನದ ಕ್ಲಚ್ಚೂ ಮುಂದಿನ ಆಕ್ಸಲ್ಲೂ ನಲುಗುವುವು. ಆದಕಾರಣ ಜೀಪನ್ನು ದಯವಿಟ್ಟು ಈ ಶ್ರಮಕ್ಕೆ ಗುರಿಮಾಡದಿರಿ. ಟ್ರ್ಯಾಕ್ಟರಿನ ಹಿಂದೆ ಮೂರು ಕೊಂಡಿಗಳಿಗೆ ಸಿಕ್ಕಿಸುವ ಮಟ್ಟದ ಬ್ಲೇಡೇ ನಿಮಗೆ ಯೋಗ್ಯವಾದ ಉಪಕರಣ.